ಹತ್ತಿ ಗೋಡೌನಿನಲ್ಲೊಂದು ಸಿನಿಮಾ ಪುರಾಣ

ಚಿಂತೆ ಮಾಡುವುದನ್ನು ನಾನು ಯಾರಿಂದಲೂ ಕಲಿತವನಲ್ಲ, ಅದು ಹುಟ್ಟಿನಿಂದಲೇ ಬಂದದ್ದು. ಬಸ್ಸು ಹತ್ತಿದರೆ ಬ್ರೇಕಿನ ಚಿಂತೆ, ಇಳಿದರೆ ಛತ್ರಿ ಬಿಟ್ಟುಬಂದೆನೇನೋ ಎಂಬ ಚಿಂತೆ, ಛತ್ರಿ ಕೈಯಲ್ಲೇ ಇದ್ದರೆ ಹಾಗಾದರೆ ಬಿಟ್ಟುಬಂದದ್ದು ಇನ್ನೇನು ಎಂಬ ಚಿಂತೆ. ಈಗ ದೇವರಾಜ ಅರಸು ಬಡಾವಣೆಯ ಮನೆಯಲ್ಲಿ ಕೂತು ಇದನ್ನು ಬರೆಯುತ್ತಿರುವಾಗಲೂ, ಒಲೆ ಆರಿಸಿದ್ದಾರೋ ಇಲ್ಲವೋ ಎಂದು ಆಗಲೇ ಎದ್ದು ಹೋಗಿ ನೋಡಿಕೊಂಡು ಬಂದದ್ದಾಯಿತು. ಇಂಥ ಆಸಾಮಿ ಅರವತ್ತರ ದಶಕದ ನಡುವೆ ದಾವಣಗೆರೆಯ ಜನಕ್ಕೆ ಒಳ್ಳೆಯ ಸಿನಿಮಾ ತೋರಿಸುತ್ತೇನೆಂದು ಹೊರಟ. ಯಾರೂ ಕೇಳಿರಲಿಲ್ಲ.

ಇದಕ್ಕೆ ಕಾರಣ ನನ್ನ ಡಾಕ್ಟರ್ ಗೆಳೆಯ. ಅವನು ಬೊಂಬಾಯಿಯಲ್ಲಿ ಓದಿ ಬಂದು ಮಂಡಿಪೇಟೆಯ ಹತ್ತಿರ ದವಾಖಾನೆ ಇಟ್ಟುಕೊಂಡಿದ್ದ. ನಾನು ಕಾಲೇಜಿನಲ್ಲಿ ವಾಣಿಜ್ಯ ಪಾಠ ಹೇಳುತ್ತಿದ್ದೆ. ಒಮ್ಮೆ ಯಾರದೋ ಮದುವೆಗೆಂದು ಇಬ್ಬರೂ ಬೊಂಬಾಯಿಗೆ ಹೋದಾಗ ಅವನು ತನ್ನ ಹಳೆಯ ಸಿನಿಮಾ ಕ್ಲಬ್ಬಿಗೆ ನನ್ನನ್ನು ಎಳೆದುಕೊಂಡು ಹೋದ. ಸಣ್ಣ ಹಾಲು, ಬಂಗಾಲದ ಕಡೆಯ ಚಿತ್ರ. ಹಾಡಿಲ್ಲ, ಹೊಡೆದಾಟವಿಲ್ಲ, ಭಾಷೆಯ ಗಂಧವೂ ನನಗಿಲ್ಲ. ಯಾರೋ ಬಡವರು ಅನ್ನ ಉಂಡರು, ಮಳೆ ಬಂತು, ಒಂದು ಎಮ್ಮೆ ಸತ್ತಿತು. ಹೊರಗೆ ಬಂದು ಬಸ್ಸಿಗೆ ಕಾಯುತ್ತ ನಿಂತಾಗ ನನಗೆ ಹೊಳೆಯಿತು: ಒಳಗಿದ್ದಷ್ಟು ಹೊತ್ತೂ ನಾನು ಒಂದು ಚಿಂತೆಯನ್ನೂ ಮಾಡಿರಲಿಲ್ಲ. ಹೆದರಿ ಜೇಬು ಮುಟ್ಟಿಕೊಂಡೆ. ಪಾಕೀಟು ಇತ್ತು. ಇಂಥದೊಂದು ಔಷಧ ಲೋಕದಲ್ಲಿದೆ, ಅದು ನಮ್ಮೂರಲ್ಲಿ ಸಿಗುವುದಿಲ್ಲ ಎಂಬುದೇ ಆವತ್ತಿನಿಂದ ನನ್ನ ಹೊಸ ಚಿಂತೆಯಾಯಿತು.

ಊರಿಗೆ ಬಂದು ನಾವೂ ಒಂದು ಕ್ಲಬ್ಬು ತೆಗೆದೆವು. ಡಾಕ್ಟರ್ ಅಧ್ಯಕ್ಷ, ನಾನು ಕಾರ್ಯದರ್ಶಿ. ಒಂದಷ್ಟು ಜನ ಸದಸ್ಯರಾದರು. ಸಿನಿಮಾ ಕ್ಲಬ್ಬುಗಳಲ್ಲಿ ಸೆನ್ಸಾರಿನ ಕತ್ತರಿ ಬೀಳದ ಚಿತ್ರ ತೋರಿಸುತ್ತಾರಂತೆ ಎಂದು ಯಾರೋ ಅವರ ಕಿವಿಯಲ್ಲಿ ಊದಿದ್ದರು. ಕತ್ತರಿ ಬೀಳದ್ದೇ ಬೇಕಾದರೆ ನಮ್ಮ ಚಿತ್ರಗಳಲ್ಲಿ ಕತ್ತರಿಸಲಿಕ್ಕೆ ಏನೂ ಇರುವುದಿಲ್ಲ ಎಂದು ನಾನು ಅವರಿಗೆ ಹೇಳಲು ಹೋಗಲಿಲ್ಲ.

ಬೊಂಬಾಯಿಯ ಕ್ಲಬ್ಬಿನವರು ತಮ್ಮಲ್ಲಿ ತೋರಿಸಿದ ಮೇಲೆ ಚಿತ್ರದ ಡಬ್ಬಿಗಳನ್ನು ರೈಲಿಗೆ ಹಾಕುತ್ತಿದ್ದರು. ಒಂದು ಆಟ ತೋರಿಸಿ ಆವತ್ತಿನ ಸಂಜೆಯ ರೈಲಿಗೇ ವಾಪಸ್ಸು ಹಾಕಬೇಕು. ಪ್ರೊಜೆಕ್ಟರು ನಮ್ಮದಲ್ಲ. ಹಳ್ಳಿಹಳ್ಳಿಗೆ ಸರ್ಕಾರಿ ಚಿತ್ರ ತೋರಿಸುವ ವ್ಯಾನೊಂದಿತ್ತಲ್ಲ, ಅದರ ಆಪರೇಟರು ಡಾಕ್ಟರ ಕೈಯಲ್ಲಿ ಮೂಲವ್ಯಾಧಿ ವಾಸಿ ಮಾಡಿಸಿಕೊಂಡಿದ್ದ. ಮೇಲಿನವರ ಒಪ್ಪಿಗೆ ಪಡೆದು ಭಾನುವಾರ ಅವನು ವ್ಯಾನು ತರುತ್ತಿದ್ದ.

ಮೊದಲ ಪ್ರದರ್ಶನ ಆನಗೋಡಿನಲ್ಲಿ. ಕಲೆ ಹಳ್ಳಿಯಿಂದ ಶುರುವಾಗಬೇಕು ಎಂದು ಡಾಕ್ಟರ ಹಟ. ಆದರೆ ಆ ವ್ಯಾನು ಊರೂರಿಗೆ ತೋರಿಸುತ್ತ ಬಂದದ್ದು ಕುಟುಂಬ ಯೋಜನೆಯ ಚಿತ್ರಗಳನ್ನು. ಅದು ಊರ ಅಗಸೆಬಾಗಿಲು ದಾಟುವುದೇ ತಡ, ಗಂಡಸರೆಲ್ಲ ಹೊಲಗಳ ಕಡೆ ಮಾಯವಾದರು. ವ್ಯಾನಿನಿಂದ ಡಾಕ್ಟರೇ ಖುದ್ದಾಗಿ ಇಳಿದದ್ದನ್ನು ಕಂಡು ಉಳಿದ ಇಬ್ಬರು ಮುದುಕರೂ ಎದ್ದು ಹೋದರು. ಅವರಿಗೆ ಯಾವ ಭಯವೋ.

ಎರಡನೆಯದು ಹರಿಹರದ ಟೆಂಟಿನಲ್ಲಿ. ಜನ ಬಂದರು, ಕೂತರು. ಪರದೆಯ ಮೇಲೆ ಒಬ್ಬ ಹೆಂಗಸು ಅಕ್ಕಿ ಆರಿಸತೊಡಗಿದಳು. ಆರಿಸುತ್ತಲೇ ಇದ್ದಳು. ಇವಳು ಹಾಡುವುದು ಯಾವಾಗ ಎಂದು ಒಬ್ಬ ಕೇಳಿದ. ಅನ್ನ ಆದಮೇಲೆ ಎಂದು ಇನ್ನೊಬ್ಬ ಹೇಳಿದ. ಟೆಂಟಿನ ಮಾಲೀಕ ನಮ್ಮ ಮೇಲಿನ ಕನಿಕರದಿಂದ ತನ್ನ ಗ್ರಾಮಫೋನಿನಲ್ಲಿ ಒಂದು ಹಾಡು ಹಚ್ಚಿಬಿಟ್ಟ. ಹಾಡು ಮುಗಿಯಿತು, ಜನರೂ ಮುಗಿದರು. ಬೆಂಚುಗಳ ಮೇಲೆ ನಾನು ಮತ್ತು ಡಾಕ್ಟರು ಮಾತ್ರ.

ಮನೆಯಲ್ಲಿ ಹೆಂಡತಿ ಊಟಕ್ಕೆ ಬಡಿಸುತ್ತ ಹೇಳಿದಳು: “ಚಿಂತಿ ಮಾಡಾಕೆ ನಿಮ್ಗೆ ಮನಿಯಾಗೇನು ಕಮ್ಮಿ ಐತೇನ್ರಿ? ಬಂಗಾಲದಿಂದೆಲ್ಲಾ ಯಾಕ ತರಿಸ್ಕೊಂತೀರಿ?”

ಇನ್ನೊಂದೇ ಒಂದು ಸಲ ನೋಡೋಣ, ಅದೂ ಕೆಟ್ಟರೆ ಕ್ಲಬ್ಬಿಗೆ ಬೀಗ ಎಂದು ನಾವಿಬ್ಬರೂ ತೀರ್ಮಾನಿಸಿದೆವು. ಟೆಂಟಿನವನು ಮತ್ತೆ ಹತ್ತಿರ ಸೇರಿಸಲಿಲ್ಲ. ಕಾಲೇಜಿನವರು ಬೇಡವೆಂದರು. ಕಡೆಗೆ ಡಾಕ್ಟರು ತನ್ನ ಸಕ್ಕರೆ ಕಾಯಿಲೆಯ ರೋಗಿಯೊಬ್ಬರನ್ನು ಹಿಡಿದ. ಅವರು ಹತ್ತಿ ವ್ಯಾಪಾರದ ಸಾವ್ಕಾರರು. ಮಳೆಗಾಲದಲ್ಲಿ ಅವರ ಗೋಡೌನು ಮುಕ್ಕಾಲು ಖಾಲಿ, ಹೋದ ಸುಗ್ಗಿಯ ಒಂದಷ್ಟು ಅಂಡಿಗೆಗಳು, ಎಂದರೆ ಹತ್ತಿಯ ಮೂಟೆಗಳು, ಮಾತ್ರ ಬಿದ್ದಿರುತ್ತಿದ್ದವು. ಕುರ್ಚಿಯೇ ಬೇಕಿಲ್ಲ, ಅಂಡಿಗೆಗಳ ಮೇಲೇ ಕೂರಬಹುದು. ಸಾವ್ಕಾರರು ಒಪ್ಪಿದರು, ಆದರೆ ಒಂದು ಷರತ್ತು ಹಾಕಿದರು.

“ನಮ್ಮವ್ವ ಎದ್ದು ಹೋದ್ಲು ಅಂದ್ರೆ ಊರೇ ಎದ್ದು ಹೋದಂಗೆ. ಅಕಿ ಕಡೀ ಮಟ ಕುಂತು ನೋಡಿದ್ಲೋ, ತಿಂಗ್ಳಿಗೊಂದು ಭಾನುವಾರ ಗೋಡೌನು ನಿಮ್ದು. ನಡುವೆ ಎದ್ಲೋ, ಮತ್ತೆ ಈ ಮಾತು ನನ್ತಾವ ತರಬ್ಯಾಡ್ರಿ.”

ಸಾವ್ಕಾರರ ತಾಯಿಯನ್ನು ಪೇಟೆಯೆಲ್ಲ ದೊಡ್ಡವ್ವ ಎನ್ನುತ್ತಿತ್ತು. ಹತ್ತಿಯ ಎಳೆಯನ್ನು ಬೆರಳಲ್ಲಿ ಹಿಂಜಿ ನೋಡಿಯೇ ಇದು ಯಾವ ಸೀಮೆಯದು, ಮಾರುವವನು ಎಷ್ಟು ಸುಳ್ಳು ಹೇಳುತ್ತಿದ್ದಾನೆ ಎರಡನ್ನೂ ಹೇಳುವ ಹೆಂಗಸು. ಆಕೆ ಜೀವನದಲ್ಲಿ ಒಂದೇ ಸಿನಿಮಾಕ್ಕೆ ಹೋಗಿದ್ದಳು, ಶಿವನ ಮಹಿಮೆಯದು. ಶಿವ ಪ್ರತ್ಯಕ್ಷನಾದ ಕೂಡಲೇ, ಇವನು ಕಂಪನಿ ನಾಟಕದಲ್ಲಿದ್ದಾಗ ನಮ್ಮ ಮಂಡಿಯ ಮುಂದೆ ಕುಡಿದು ಬಿದ್ದಿದ್ದವನಲ್ಲವೇ ಎಂದು ಗುರುತು ಹಿಡಿದು ಎದ್ದು ಬಂದಿದ್ದಳಂತೆ. ಈಕೆಯನ್ನು ಕೊನೆಯವರೆಗೆ ಕೂರಿಸಬೇಕು, ಅದೂ ಬಂಗಾಲಿ ಚಿತ್ರಕ್ಕೆ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಎಂದಿನಂತೆ. ಬೆಳಿಗ್ಗೆ ಎದ್ದಾಗ ಉಪಾಯ ಹೊಳೆದಿತ್ತು. ದೊಡ್ಡವ್ವ ಎದ್ದು ಬಾರದ ಜಾಗವೊಂದಿತ್ತು: ಶ್ರಾವಣದ ಪುರಾಣ. ನಮ್ಮ ಕಡೆ ಪುರಾಣವನ್ನು ಒಬ್ಬರು ಓದುವುದಲ್ಲ, ಇಬ್ಬರು ಬೇಕು. ಒಬ್ಬರು ಪದ್ಯವನ್ನು ರಾಗವಾಗಿ ಹೇಳಿ ನಿಲ್ಲಿಸುತ್ತಾರೆ, ಇನ್ನೊಬ್ಬರು ಅದಕ್ಕೆ ಅರ್ಥ ಬಿಡಿಸುತ್ತಾರೆ, ಕೂತವರು ‘ಹೂಂ’ ಎನ್ನುತ್ತಾರೆ, ಆಮೇಲೆ ಮುಂದಿನ ಪದ್ಯ. ಪರದೆ ಪದ್ಯ ಹೇಳಲಿ, ಅರ್ಥಕ್ಕೆ ಒಬ್ಬರನ್ನು ನಿಲ್ಲಿಸಿದರಾಯಿತು.

ಡಾಕ್ಟರು ಕೆಂಡವಾದ. ಸಿನಿಮಾ ಎಂದರೆ ಕಣ್ಣಿನ ಭಾಷೆಯಂತೆ, ಅದಕ್ಕೆ ಅರ್ಥ ಹೇಳುವುದು ಕಲೆಯ ಕೊಲೆಯಂತೆ. ಹರಿಹರದ ಟೆಂಟಿನಲ್ಲಿ ಕಣ್ಣಿನ ಭಾಷೆ ಎಷ್ಟು ಜನಕ್ಕೆ ತಿಳಿಯಿತು ಎಂದು ನಾನು ಕೇಳಿದೆ. ಅವನು ಚಪ್ಪಲಿ ಮೆಟ್ಟಿಕೊಂಡು ನನ್ನ ಜೊತೆ ಹೊರಟ.

ಆ ಸುತ್ತಿನಲ್ಲೆಲ್ಲ ಹೆಸರಾದ ಅರ್ಥಗಾರ ಅಯ್ಯನವರು ಇದ್ದದ್ದು ಹರಿಹರದಲ್ಲಿ, ಹೊಳೆಯ ದಾರಿಯಲ್ಲಿ. ಇಬ್ಬರೂ ಹೋಗಿ ಕೈಮುಗಿದೆವು. ಮೂಲ ಯಾವ ಭಾಷೆಯದು ಎಂದು ಕೇಳಿದರು. ಬಂಗಾಲಿ ಎಂದೆ, ತಮಗೆ ಬರುತ್ತದೆಯೇ ಎಂದು ಹೆದರುತ್ತಲೇ ವಿಚಾರಿಸಿದೆ.

“ಬರಲ್ಲ. ಸಂಸ್ಕೃತಾನೂ ನಂಗೆ ಅಷ್ಟಕ್ಕಷ್ಟೇ. ಅರ್ಥ ಹೇಳಾಕೆ ಭಾಷೆ ಯಾಕ ಬೇಕ್ರಿ?” ಎಂದರು ಅಯ್ಯನವರು.

ಕತೆ ಏನೆಂದು ಕೇಳಿದರು. ನಮಗೂ ಗೊತ್ತಿದ್ದದ್ದು ಅಷ್ಟರಲ್ಲೇ ಇತ್ತು, ಆ ಚಿತ್ರವನ್ನು ನಾವೂ ನೋಡಿರಲಿಲ್ಲ. ಬೊಂಬಾಯಿಯವರು ಕಳಿಸಿದ್ದ ಹಾಳೆಯಲ್ಲಿ ನಿರ್ದೇಶಕ ಎಂಥ ಮಹಾನುಭಾವ ಎಂದು ಉದ್ದಕ್ಕೂ ಬರೆದು, ಕತೆಗೆ ತುದಿಯಲ್ಲಿ ಒಂದೆರಡು ಸಾಲು ಬಿಟ್ಟಿದ್ದರು. ಒಂದು ನದಿ, ಜನರನ್ನು ದಾಟಿಸುವ ಒಬ್ಬ ಅಂಬಿಗ, ಆ ನದಿಗೆ ಸೇತುವೆ ಕಟ್ಟುತ್ತಾರೆ. ಅಷ್ಟೇ. ಅಯ್ಯನವರು ಕಣ್ಣು ಮುಚ್ಚಿ, ಇದು ತಿಂಗಳುಗಟ್ಟಲೆ ಹೇಳುವ ಸರಕು ಎಂದರು. ನಮಗಿರುವುದು ಒಂದೇ ಮಧ್ಯಾಹ್ನ ಎಂದು ನಾನು ನೆನಪಿಸಿದೆ.

ಭಾನುವಾರ ಊಟದ ಹೊತ್ತಿಗೇ ಗೋಡೌನಿನ ಕಿಟಕಿಗಳಿಗೆ ಗೋಣಿತಾಟು ಬಡಿದು ಕತ್ತಲೆ ಮಾಡಿದೆವು. ನನ್ನ ಮದುವೆಯಲ್ಲಿ ಮಾವ ಕೊಟ್ಟಿದ್ದ, ಜಮಖಾನದ ಮೇಲೆ ಹಾಸುವ ಬಿಳಿ ದುಪ್ಪಟಿ ಪರದೆಯಾಯಿತು. ‘ಬೀಡಿ ಸೇದಬಾರದು’ ಎಂದು ಗೋಡೆಗೋಡೆಗೂ ನಾನೇ ಬರೆದು ಅಂಟಿಸಿದೆ. ಓದಲು ಬಾರದವರಿಗಾಗಿ ಬಾಗಿಲಲ್ಲಿ ನಿಂತು ಬಾಯಲ್ಲೂ ಹೇಳಿದೆ. ಮಂಡಿಯ ಹಮಾಲರು ಬಂದರು, ಬೆಳಗಿನ ಪಾಳಿ ಮುಗಿಸಿದ ಮಿಲ್ಲಿನವರು ಬಂದರು, ಸಾವ್ಕಾರರ ಓಣಿಯ ಹೆಂಗಸರು ಮಕ್ಕಳ ಸಮೇತ ಬಂದರು. ಕತ್ತರಿ ಬೀಳದ ಚಿತ್ರದ ಸದಸ್ಯರು ಇನ್ನೂ ಆಸೆ ಬಿಡದೆ ಮುಂದಿನ ಅಂಡಿಗೆ ಹಿಡಿದರು. ದೊಡ್ಡವ್ವ ನಡುವಿನ ಅಂಡಿಗೆಯ ಮೇಲೆ, ಗದ್ದುಗೆ ಏರಿದಂತೆ. ಆಕೆಯ ಪಕ್ಕ ನನ್ನ ಹೆಂಡತಿಯನ್ನು ಕೂರಿಸಿದ್ದೆ, ದೊಡ್ಡವ್ವ ಏಳುವ ಲಕ್ಷಣ ಕಂಡರೆ ಕೆಮ್ಮಬೇಕೆಂದು. ಅವಳಿಗೆ ಆವತ್ತು ನಿಜವಾಗಿಯೂ ನೆಗಡಿಯಾಗಿತ್ತು. ನನ್ನ ಆ ಮಧ್ಯಾಹ್ನ ಹೇಗೆ ಕಳೆಯಿತೆಂದು ನೀವೇ ಊಹಿಸಿಕೊಳ್ಳಿ.

ಚಿತ್ರ ಶುರುವಾಯಿತು. ಮಂಜು ಕವಿದ ನದಿ, ನಿಧಾನಕ್ಕೆ ಒಂದು ದೋಣಿ. ಅಂಬಿಗ ಹುಟ್ಟು ಹಾಕಿದ, ಆಚೆ ದಡಕ್ಕೆ ಬಂದ, ಜನ ಇಳಿದರು.

“ತಡೀರಿ,” ಎಂದರು ಅಯ್ಯನವರು.

ಆಪರೇಟರು ಯಂತ್ರ ನಿಲ್ಲಿಸಿ ನನ್ನ ಮುಖ ನೋಡಿದ. ನಾನು ಡಾಕ್ಟರ ಮುಖ ನೋಡಿದೆ. ಅವನು ಗೋಡೆ ನೋಡುತ್ತಿದ್ದ. ಅಯ್ಯನವರು ಶಾಲು ಸರಿಮಾಡಿಕೊಂಡು ಪರದೆಯ ಪಕ್ಕ ನಿಂತರು. ನದಿ ಎಂದರೆ ಸಂಸಾರ, ದೋಣಿ ಎಂದರೆ ದೇಹ, ಅಂಬಿಗ ಎಂದರೆ ಗುರು ಎಂದು ಶುರುಮಾಡಿ, ದೋಣಿಯಲ್ಲಿ ಕೂತಿದ್ದ ಕುರಿಯನ್ನೂ ಬಿಡದೆ ಅದಕ್ಕೊಂದು ಅರ್ಥ ಕೊಟ್ಟರು. ಗೋಡೌನೆಲ್ಲ ‘ಹೂಂ’ ಎಂದಿತು. ನಡುವಿನ ಅಂಡಿಗೆಯಿಂದ ಎಲ್ಲರಿಗಿಂತ ದೊಡ್ಡ ‘ಹೂಂ’ ಬಂತು. ನನಗೆ ಹೋದ ಜೀವ ಬಂದಂತಾಯಿತು.

ಹೀಗೇ ಸಾಗಿತು. ಅಂಬಿಗ ಊಟ ಮಾಡಿದ, ನಿಲ್ಲಿಸಿದರು, ಅನ್ನದ ಮಹಿಮೆ. ಅಂಬಿಗನ ಮಗಳು ನೀರಿಗೆ ಬಂದಳು, ನಿಲ್ಲಿಸಿದರು, ಹೆಣ್ಣಿನ ಸೈರಣೆ. ಪದೇಪದೇ ನಿಲ್ಲಿಸಿ ಹೊತ್ತಿಸಿದರೆ ಲ್ಯಾಂಪು ಸುಟ್ಟುಹೋಗುತ್ತದೆ ಎಂದು ಆಪರೇಟರು ಗೊಣಗಿದ. ನಾನು ಅದನ್ನೂ ನನ್ನ ಚಿಂತೆಗಳ ಸಾಲಿಗೆ ಸೇರಿಸಿಕೊಂಡೆ. ಡಾಕ್ಟರು ಒಂದು ಅಂಡಿಗೆಗೆ ಹಣೆ ಹಚ್ಚಿ ಕೂತುಬಿಟ್ಟಿದ್ದ.

ಕಷ್ಟ ಬಂದದ್ದು ಸೇತುವೆಯ ಕಲ್ಲುಗಳು ಬಂದಾಗ. ಪುರಾಣದಲ್ಲಿ ಅರ್ಥ ಹೇಳುವವರಿಗೆ ಮುಂದಿನ ಕತೆ ಗೊತ್ತಿರುತ್ತದೆ. ರಾಕ್ಷಸ ಮೀಸೆ ತಿರುವುವಾಗಲೇ, ನೋಡುತ್ತಿರಿ ಇವನಿಗೆ ಏನು ಕಾದಿದೆ ಎನ್ನುತ್ತಾರೆ, ಹಾಗೆಯೇ ಆಗುತ್ತದೆ. ಅಯ್ಯನವರಿಗೆ ಅದೇ ರೂಢಿ. ಸೇತುವೆ ಎಂದರೆ ಅಹಂಕಾರ, ಗುರುವಿನ ಅನ್ನ ಕಿತ್ತುಕೊಳ್ಳಲು ಹೊರಟ ಕಲ್ಲು, ಇದು ಉಳಿಯುವುದಿಲ್ಲ ಎಂದುಬಿಟ್ಟರು.

“ಬೀಳ್ತೈತೇನ್ರಿ ಅಯ್ನೋರೆ?” ಎಂದು ದೊಡ್ಡವ್ವ ಕೇಳಿದಳು.

“ಬೀಳ್ದೆ ಎಲ್ಲಿಗೆ ಹೋಗ್ತೈತೆ ತಾಯಿ? ಶಿವನ ಕಣ್ಣು ಮುಚ್ಚೈತೇನು?”

ಗೋಡೌನಿಗೆ ಗೋಡೌನೇ ನಿಟ್ಟುಸಿರು ಬಿಟ್ಟು ನೆಮ್ಮದಿಯಾಯಿತು. ನಾನು ಡಾಕ್ಟರನ್ನು ತಿವಿದು, ಸೇತುವೆ ಬೀಳುತ್ತದೆಯೇ ಎಂದು ಪಿಸುಗುಟ್ಟಿದೆ. ಅವನು ತಲೆ ಎತ್ತದೆ ಹೇಳಿದ: “ಇಂಥಾ ಸಿನಿಮಾದಾಗ ಯಾವ್ದೂ ಬೀಳಲ್ಲ ಮಾರಾಯ. ಏನೂ ಆಗ್ದೇ ಇರೋದೇ ಇವುಗಳ ದೊಡ್ಡಸ್ತಿಕೆ.”

ಅವನೇ ಸರಿ. ಸೇತುವೆ ಏರಿತು, ಗಾಡಿಗಳು ಓಡಾಡಿದವು. ಅಂಬಿಗ ದೋಣಿಯನ್ನು ಗೂಟಕ್ಕೆ ಕಟ್ಟಿದ. ಒಂದು ಗಂಟು ಹೆಗಲಿಗೇರಿಸಿ, ಗಾಡಿಗಳ ನಡುವೆ ಸೇತುವೆಯ ಮೇಲೆ ತಾನೂ ನಡೆದು ಹೊರಟ. ನಡುವೆ ಒಂದು ಕಡೆ ನಿಂತು ಕೆಳಗೆ ನೀರು ನೋಡಿದ. ಮತ್ತೆ ನಡೆದ. ಪರದೆ ಬೆಳ್ಳಗಾಯಿತು.

ಯಾರೂ ಮಿಸುಕಲಿಲ್ಲ. ಮುಂದಿನದು ಹಾಕ್ರಿ ಎಂದು ಹಿಂದಿನಿಂದ ಒಬ್ಬ ಹೇಳಿದ. ಮುಂದಿನದು ಇಲ್ಲ, ಇಷ್ಟೇ ಎಂದು ನಾನು ಕೈಮುಗಿದೆ. ಜನ ಒಬ್ಬರ ಮುಖ ಒಬ್ಬರು ನೋಡಿ, ಆಮೇಲೆ ಎಲ್ಲರೂ ದೊಡ್ಡವ್ವನ ಕಡೆ ನೋಡಿದರು. ಆಕೆ ಏಳಲಿಲ್ಲ. ಆದ್ದರಿಂದ ಯಾರೂ ಏಳಲಿಲ್ಲ.

ಅಷ್ಟರಲ್ಲಿ ಸಾವ್ಕಾರರು ಮಧ್ಯಾಹ್ನದ ನಿದ್ದೆ ಮುಗಿಸಿ ಬಂದರು. ತಾಯಿ ಕೂತೇ ಇದ್ದದ್ದನ್ನು ಕಂಡು ಅವರಿಗೂ ಖುಷಿಯಾಯಿತು. “ಏಳವ್ವ, ಮುಗೀತಂತೆ,” ಎಂದರು.

“ಎಲ್ಲಿ ಮುಗೀತು? ಸೇತುವೆ ಹಂಗೇ ನಿಂತೈತೆ. ಮಂಗಳ ಹಾಡಿಲ್ಲ. ಅಧ್ಯಾಯದ ನಡುವೆ ಎದ್ದು ಪಾಪ ಕಟ್ಕಣಾಕೆ ನಂಗೇನು ಹುಚ್ಚೇನೋ?”

ಕೊನೆಯವರೆಗೆ ಕೂರಿಸಬೇಕು ಎಂದು ನಾನು ಎಷ್ಟು ದೇವರಿಗೆ ಹರಕೆ ಹೊತ್ತಿದ್ದೆನೋ, ಎಲ್ಲರೂ ಒಟ್ಟಿಗೇ ಒಲಿದಿದ್ದರು. ಕೂತಾಗಿತ್ತು. ಈಗ ಎಬ್ಬಿಸುವುದು ಹೇಗೆ? ಸಂಜೆಯ ರೈಲಿಗೆ ಡಬ್ಬಿ ಹೋಗಬೇಕು. ಇಷ್ಟು ನಿಲ್ಲಿಸಿ ನಿಲ್ಲಿಸಿ ತೋರಿಸಿದ್ದರಲ್ಲಿ ಹೊತ್ತು ಇಳಿದುಹೋಗಿತ್ತು. ಕೂತ ಜನಕ್ಕೆಲ್ಲ ತಾವು ಮೋಸ ಹೋದ ಹಾಗೆ ಅನ್ನಿಸತೊಡಗಿತ್ತು. ಬೀಳುತ್ತದೆ ಎಂದು ಮಾತು ಕೊಟ್ಟ ಸೇತುವೆ ಬೀಳಲಿಲ್ಲ ಎಂದರೆ ಏನು ಅರ್ಥ ಎಂದು ಹಮಾಲನೊಬ್ಬ ಅಯ್ಯನವರನ್ನೇ ಕೇಳಿದ. ಸಾವ್ಕಾರರ ಹುಬ್ಬು ಗಂಟಾಗುತ್ತಿತ್ತು. ಈ ಪಂಚಾಯಿತಿ ಇನ್ನೊಂದು ಗಳಿಗೆ ನಡೆದರೆ ಷರತ್ತು ಗೆದ್ದೂ ಗೋಡೌನು ಹೋಗುತ್ತದೆ ಎಂದು ನನಗೆ ಖಾತ್ರಿಯಾಯಿತು.

ಅಯ್ಯನವರು ಸೋಲುವ ಜಾತಿಯಲ್ಲ. ಬರಿಯ ಬಿಳಿ ಪರದೆಯ ಮುಂದೆ ನಿಂತು ಗಂಟಲು ಸರಿಮಾಡಿಕೊಂಡರು. “ಆಗ ಪರಮೇಶ್ವರನು ಕೈಲಾಸದಿಂದ ಆ ಸೇತುವೆಯ ಕಡೆ ದೃಷ್ಟಿ ಇಟ್ಟನಂತೆ...” ಎಂದು ಶುರುಮಾಡಿದರು. ಡಾಕ್ಟರು ಇನ್ನು ತಡೆಯಲಾರದೆ ಎದ್ದು ನಿಂತ. ಇವರಿಬ್ಬರೂ ಈಗ ಕೈಕೈ ಮಿಲಾಯಿಸುತ್ತಾರೆ ಎಂದು ನಾನು ನಡುವೆ ಹೋಗಬೇಕೋ ಬೇಡವೋ ಎಂದು ಯೋಚಿಸುತ್ತಿದ್ದೆ.

“ಅಯ್ನೋರೆ, ನೀವು ಒಂದು ಗಳಿಗಿ ಸುಮ್ಕಿರ್ರಿ,” ಎಂದಳು ದೊಡ್ಡವ್ವ. “ಡಾಕ್ಟ್ರಪ್ಪ, ನೀನೂ ಕೂಡು. ಮೇಷ್ಟ್ರೇ, ಆ ಕಡೀದೊಂದು ಚೂರು ಇನ್ನೊಮ್ಮೆ ತೋರಿಸ್ರಿ. ಯಾರೂ ಮಾತಾಡಬ್ಯಾಡ್ರಿ.”

ಕಂಪನಿ ನಾಟಕದಲ್ಲಿ ಹಾಡಿಗೆ ‘ಒನ್ಸ್ ಮೋರ್’ ಕೂಗುವುದನ್ನು ನಮ್ಮೂರು ಕಂಡಿತ್ತು. ಮಾತೂ ಹಾಡೂ ಇಲ್ಲದ ತುಂಡಿಗೆ ‘ಒನ್ಸ್ ಮೋರ್’ ಬಂದದ್ದು ಅದೇ ಮೊದಲು. ಆಪರೇಟರು ಸುರುಳಿಯನ್ನು ಹಿಂದಕ್ಕೆ ಸುತ್ತಿದ. ಅವನು ಸುತ್ತುವಷ್ಟು ಹೊತ್ತೂ ಗೋಡೌನಿನಲ್ಲಿ ಆ ಕಿರ್ ಕಿರ್ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ಮತ್ತೆ ಗೂಟ, ಮತ್ತೆ ದೋಣಿ. ಈ ಸಲ ಅರ್ಥ ಹೇಳುವವರಿಲ್ಲದ್ದರಿಂದ, ಗಾಡಿಯ ಚಕ್ರಗಳ ಸದ್ದು ಇತ್ತು ಎಂಬುದೇ ನಮಗೆ ಹೊಸದಾಗಿ ತಿಳಿಯಿತು. ಅಂಬಿಗನ ಬರಿಗಾಲಿನ ಸದ್ದೂ ಇತ್ತು. ಅವನು ಎಷ್ಟೋ ವರ್ಷ ಆ ನದಿಯನ್ನು ದಾಟಿದ್ದವನು, ಆದರೆ ಅದನ್ನು ಅಷ್ಟು ಎತ್ತರದಿಂದ ನೋಡಿರಲಿಲ್ಲ. ಕೆಳಗೆ ಅವನ ದೋಣಿ ಒಂದು ಚಪ್ಪಲಿಯಷ್ಟು ಸಣ್ಣದಾಗಿ ಕಾಣುತ್ತಿತ್ತು. ಅದನ್ನು ಮೊದಲ ಸಲ ನಾವು ಯಾರೂ ಗಮನಿಸಿರಲಿಲ್ಲ. ಆಮೇಲೆ ಅವನು ನಡೆದ, ಆಚೆ ಕಡೆ ಜನರಲ್ಲಿ ಸೇರಿಹೋದ.

ಪರದೆ ಬೆಳ್ಳಗಾದ ಮೇಲೆಯೇ ನನಗೆ ರೈಲು ನೆನಪಾದದ್ದು. ಬೀಡಿ, ಲ್ಯಾಂಪು, ಹೆಂಡತಿಯ ಕೆಮ್ಮು, ಸಾವ್ಕಾರರ ಹುಬ್ಬು, ಎಲ್ಲವೂ ಒಮ್ಮೆಲೇ ನೆನಪಾದವು. ಎಂದರೆ ಅಷ್ಟು ಹೊತ್ತು ಮರೆತಿದ್ದೆ. ಬೊಂಬಾಯಿಯ ಔಷಧ ನಮ್ಮೂರ ಹತ್ತಿಯ ವಾಸನೆಯಲ್ಲೂ ಕೆಲಸ ಮಾಡಿತ್ತು.

ದೊಡ್ಡವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ಅದು ನನ್ನ ಹೆಂಡತಿಯ ನೆಗಡಿ ಅಂಟಿದ್ದೂ ಇರಬಹುದು.

“ಬೀಳಬಾರ್ದು ಬಿಡ್ರಿ ಅಯ್ನೋರೆ,” ಎಂದಳು. “ಮ್ಯಾಲೆ ಅವನೇ ನಡ್ಕಂತ ಹೊಂಟಾನಲ್ಲ. ಅದು ಬಿದ್ರೆ ಅವ್ನೂ ಬೀಳ್ತಾನೆ.”

ಅಯ್ಯನವರು ಶಾಲು ಮಡಚಿ ಹೆಗಲಿಗೆ ಹಾಕಿಕೊಂಡರು. ಆಮೇಲೆ ‘ಹೂಂ’ ಎಂದರು. ಅವರು ಜೀವನದಲ್ಲಿ ಇನ್ನೊಬ್ಬರ ಅರ್ಥಕ್ಕೆ ಹೂಂಗುಟ್ಟಿದ್ದು ಅದೊಂದೇ ಸಲವಿರಬೇಕು.

ದೊಡ್ಡವ್ವನ ತವರು ಹೊಳೆಯಾಚೆಯ ಒಂದು ಹಳ್ಳಿ. ಮದುವೆಯಾಗಿ ಬರುವಾಗ ಆಕೆಯ ದಿಬ್ಬಣ ಹರಿಗೋಲಿನಲ್ಲೇ ಹೊಳೆ ದಾಟಿತ್ತಂತೆ. ಏಳುತ್ತ ಮಗನಿಗೆ ಹೇಳಿದಳು: “ನಮ್ಮೂರ ಹರಿಗೋಲಿನವ್ನೂ ಹಿಂಗೇ, ಬಸ್ಸು ಬಂದ ಮ್ಯಾಲೆ ಅದನ್ನ ಬಿಟ್ಟ. ಆಮ್ಯಾಲೆ ಎಮ್ಮಿ ಕಟ್ಟಿ ಹಾಲು ಮಾರಿದ. ಅದ್ರಾಗೂ ನೀರಿನ ರೂಢಿ ಬಿಡ್ಲಿಲ್ಲ.” ಹಮಾಲರು ಅಂಡಿಗೆಗಳ ಮೇಲೆ ಬಿದ್ದು ನಕ್ಕರು. ಸಾವ್ಕಾರರ ಹುಬ್ಬು ಸಡಿಲವಾಯಿತು. ತಿಂಗಳಿಗೊಂದು ಭಾನುವಾರ ನಿಮ್ಮದು ಎಂದು ಅಲ್ಲೇ ಎಲ್ಲರೆದುರು ಹೇಳಿದರು.

ಗೆದ್ದೆವು ಎಂದುಕೊಂಡೆ. ಆಗ ದೊಡ್ಡವ್ವ ತನ್ನದೂ ಒಂದು ಷರತ್ತು ಹಾಕಿದಳು. ಅಯ್ಯನವರು ನಡುವಿನ ಬಿಡುವಿನವರೆಗೆ ಅರ್ಥ ಹೇಳಲಿ, ಬಿಡುವಿನಲ್ಲಿ ಎಲ್ಲರೂ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿನ್ನಲಿ, ಆಮೇಲೆ ಅಯ್ಯನವರ ಬಾಯಿ ಬಂದ್. ಬಿಡುವು ಎಂಬ ಮಾತಿಗೇ ಉರಿದೇಳುತ್ತಿದ್ದ ಡಾಕ್ಟರು ಮೆಣಸಿನಕಾಯಿಯ ಹೆಸರು ಕೇಳಿ ತಲೆಯಾಡಿಸಿದ. ಕೊನೆಯಲ್ಲಿ ಮಾತ್ರ ಮಂಗಳ ಆಗಲೇಬೇಕು, ಮಂಗಳವಿಲ್ಲದೆ ಏಳುವುದು ನಮ್ಮ ಪದ್ಧತಿಯಲ್ಲ ಎಂದಳು. ಮನೆಯಿಂದ ಹಿತ್ತಾಳೆ ತಟ್ಟೆ ಬಂತು. ಅದರ ನಡುವೆ ದೊಡ್ಡದೊಂದು ಕರ್ಪೂರದ ಗಟ್ಟಿ. ಅಯ್ಯನವರು ಕಡ್ಡಿ ಗೀರಿದರು.

ಸುತ್ತಲೂ ಹತ್ತಿ. ಮೇಲೆ ಹತ್ತಿ, ಕೆಳಗೆ ಹತ್ತಿ, ಗಾಳಿಯಲ್ಲಿ ಹತ್ತಿಯ ಧೂಳು. ಬೀಡಿ ಸೇದಬಾರದು ಎಂದು ನಾನೇ ಬರೆದ ಚೀಟಿಯ ಕೆಳಗೇ ಉರಿ ಮೊಳದೆತ್ತರ ಎದ್ದಿತು. ಪರದೆಗೆ ಬೆಳಗಿದರು, ಪ್ರೊಜೆಕ್ಟರಿಗೆ ಬೆಳಗಿ ಕುಂಕುಮ ಹಚ್ಚಿದರು, ಆಪರೇಟರಿಗೂ ಹಚ್ಚಿದರು. ಅವನು ಭಕ್ತಿಯಿಂದ ಕಣ್ಣಿಗೊತ್ತಿಕೊಂಡ. ನಾನು ಹೊರಗೆ ಓಡಿ ಕುದುರೆಗಾಡಿಯವನ ಬಕೀಟು ಕಸಿದುಕೊಂಡು ಬಂದೆ.

ರೈಲು ಸಿಕ್ಕಿತು, ಅದು ಎಂದಿನಂತೆ ತಡವಾಗಿ ಬಂದಿತ್ತು. ಗೋಡೌನೂ ಉಳಿಯಿತು. ಸಾವ್ಕಾರರು ಆ ಜಾಗವನ್ನು ಮಾರುವವರೆಗೂ ಅಲ್ಲಿ ಬಂಗಾಲದ, ಮಲಯಾಳದ, ಒಮ್ಮೆ ಸಿಂಹಳದ ಚಿತ್ರ ಕೂಡ ಓಡಿತು. ಹರಿಹರದ ಟೆಂಟಿನವನೂ ಕಡೆಗೆ ಕರೆದ, ಆರತಿ ತಟ್ಟೆ ನೀವೇ ತರಬೇಕು ಎಂದ. ಬೆಂಗಳೂರಿನ ಕ್ಲಬ್ಬಿನವರೊಬ್ಬರು ಬಂದವರು, ಚಿತ್ರ ಮುಗಿದ ಕೂಡಲೇ ನಮ್ಮ ಅಧ್ಯಕ್ಷರು ಗಂಟೆ ಬಾರಿಸುತ್ತ ನಿಂತದ್ದನ್ನು ನೋಡಿ ಬೆರಗಾಗಿ ಹೋದರು. ಡಾಕ್ಟರು ಅವರಿಗೂ ಆರತಿ ತಗೊಳ್ಳಿ ಎಂದ.

ಈಗಲೂ ಪೇಟೆಯಲ್ಲಿ ಸಿಕ್ಕ ಹಳಬರು, ಆ ಸಿನಿಮಾದಲ್ಲಿ ಕಡೆಗೆ ಏನಾಯಿತು ಮೇಷ್ಟ್ರೇ, ಈ ಸಿನಿಮಾದಲ್ಲಿ ಏನಾಯಿತು ಎಂದು ಕೇಳುತ್ತಾರೆ. ಅಂಬಿಗನದು ಒಂದನ್ನು ಬಿಟ್ಟರೆ ನನಗೆ ಯಾವುದರ ಕೊನೆಯೂ ಗೊತ್ತಿಲ್ಲ. ಕೊನೆ ಹತ್ತಿರ ಬರುತ್ತಿದ್ದಂತೆ ನಾನು ಬಾಗಿಲ ಬಳಿ ಬಕೀಟಿಗೆ ನೀರು ತುಂಬುತ್ತಿರುತ್ತಿದ್ದೆ.